ನೌಕರಿ ಮತ್ತು ಕವಿತೆ

ಪ್ರಶ್ನೆ: ಅಮೆರಿಕದ ಟೆಡ್ ಕೂಸರ್ ವಿಮಾ ಕಂಪನಿಯ ಕೆಲಸ ಮಾಡಿಕೊಂಡೇ ಕವಿಯಾದರಂತೆ, ಹೇಗೆ? ಆಫೀಸಿನಿಂದ ಬಂದ ಮೇಲೆ ನನಗೆ ಒಂದು ಸಾಲೂ ಹೊಳೆಯುವುದಿಲ್ಲ.
– ಓದುಗ, ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ಬಂದ ಮೇಲೆ ಅಲ್ಲ ಸ್ವಾಮಿ, ಹೋಗುವ ಮುಂಚೆ! 1939ರಲ್ಲಿ ಅಯೋವಾದಲ್ಲಿ ಹುಟ್ಟಿದ ಕೂಸರ್, ನೆಬ್ರಾಸ್ಕಾದ ಲಿಂಕನ್‌ನಲ್ಲಿ ಜೀವವಿಮೆ ಕಂಪನಿಯ ಉಪಾಧ್ಯಕ್ಷರಾದವರು. ನಸುಕಿಗೇ ಎದ್ದು, ಕಚೇರಿಗೆ ಹೊರಡುವ ತನಕ ಬರೆಯುತ್ತಿದ್ದರು. ಕರಡನ್ನು ತಮ್ಮ ಕಾರ್ಯದರ್ಶಿಗೆ ತೋರಿಸುವರು. ಆಕೆಗೆ ಅರ್ಥವಾಗದಿದ್ದರೆ ಮತ್ತೆ ತಿದ್ದುವರು. ವಿಮರ್ಶಕರಿಗಿಂತ ಇದೇ ವಾಸಿ. 1998ರಲ್ಲಿ ಕ್ಯಾನ್ಸರ್ ಬಂತು. ಚಿಕಿತ್ಸೆಯಲ್ಲಿ ಬಿಸಿಲು ವರ್ಜ್ಯ, ಹಾಗಾಗಿ ಸೂರ್ಯ ಹುಟ್ಟುವ ಮೊದಲೇ ನಡಿಗೆ. ನಡೆದು ಬಂದು ಕಿರುಗವಿತೆ ಬರೆದು ಗೆಳೆಯನಿಗೆ ಅಂಚೆ ಕಾರ್ಡಿನಲ್ಲಿ ಕಳಿಸಿದರು. 2004ರಲ್ಲಿ ರಾಷ್ಟ್ರಕವಿ ಪಟ್ಟ, 2005ರಲ್ಲಿ ಪುಲಿಟ್ಜರ್ ಪ್ರಶಸ್ತಿ. ನೀವೂ ಕಾರ್ಡಿನಲ್ಲೇ ಶುರುಮಾಡಿ: ಹತ್ತು ಸಾಲಿಗೆ ಜಾಗ ಮುಗಿಯುತ್ತದೆ, ಬೇಡದ ವಿಶೇಷಣಗಳು ತಾವಾಗಿಯೇ ಉದುರುತ್ತವೆ.