ಎಂಬಿಬಿಎಸ್‌ಗೆ ಉರು ಹೊಡೆಯಬೇಕೇ, ಅರ್ಥ ಮಾಡಿಕೊಳ್ಳಬೇಕೇ?

ಮೊದಲ ವರ್ಷದ ಅನಾಟಮಿಯಲ್ಲಿ, ಅಂದರೆ ದೇಹರಚನೆಯ ಪಾಠದಲ್ಲಿ, ಹೆಸರುಗಳನ್ನು ಉರು ಹೊಡೆದು ಸಾಕಾಗಿದೆ, ಅರ್ಥ ಮಾಡಿಕೊಂಡು ಓದುವ ದಾರಿ ಇಲ್ಲವೇ ಎಂದು ಕೇಳಿದ್ದೀರಿ. ಇದೆ. ಆದರೆ ಉರು ಹೊಡೆಯುವುದು ಪೂರ್ತಿ ತಪ್ಪುವುದಿಲ್ಲ. ಮಣಿಕಟ್ಟಿನ 8 ಮೂಳೆಗಳಿಗೆ ಆ ಹೆಸರೇ ಏಕೆ ಎಂದು ಯೋಚಿಸುತ್ತ ಕುಳಿತರೆ ರಾತ್ರಿ ಕಳೆಯುತ್ತದೆ, ಅಷ್ಟೇ. ಬಾಯಿಪಾಠ ಮಾಡಿ ಮುಂದೆ ಹೋಗಿ.

ನರಗಳ ವಿಷಯ ಬೇರೆ. ನಾನು ಕಿವಿ, ಮೂಗು, ಗಂಟಲಿನ ವೈದ್ಯ, ಹಾಗಾಗಿ ನನ್ನ ವಿಭಾಗದ್ದನ್ನೇ ಹೇಳುತ್ತೇನೆ. ಧ್ವನಿತಂತುಗಳನ್ನು ಆಡಿಸುವ ರಿಕರೆಂಟ್ ಲಾರಿಂಜಿಯಲ್ ನರ ಬಲಗಡೆ ಸಬ್‌ಕ್ಲೇವಿಯನ್ ಅಪಧಮನಿಯನ್ನು (ತೋಳಿಗೆ ರಕ್ತ ಒಯ್ಯುವ ನಾಳ), ಎಡಗಡೆ ಮಹಾಪಧಮನಿಯ ಕಮಾನನ್ನು ಸುತ್ತಿ ಧ್ವನಿಪೆಟ್ಟಿಗೆಗೆ ಮರಳುತ್ತದೆ. ವೈವಾದಲ್ಲಿ (ಮೌಖಿಕ ಪರೀಕ್ಷೆ) ಇದನ್ನು ಎಲ್ಲರೂ ಗಿಳಿಪಾಠ ಒಪ್ಪಿಸುತ್ತಾರೆ. 'ಬೀಡಿ ಸೇದುವ ಒಬ್ಬರು ಗಂಟಲು ಕಟ್ಟಿದೆ ಎಂದು ಬಂದಿದ್ದಾರೆ, ಎಡ ಧ್ವನಿತಂತು ಅಲ್ಲಾಡುತ್ತಿಲ್ಲ. ಎದೆಯ ಸ್ಕ್ಯಾನ್ ಏಕೆ ಮಾಡಿಸಬೇಕು?' ಎಂದು ಕೇಳಿದೊಡನೆ ಬಾಯಿ ಕಟ್ಟುತ್ತದೆ. ಉತ್ತರ ಅವರೇ ಆಗತಾನೆ ಒಪ್ಪಿಸಿದ ವಾಕ್ಯದಲ್ಲಿದೆ: ಎಡಗಡೆಯ ನರ ಎದೆಯೊಳಗೆ ಇಳಿದು ಬರುವುದರಿಂದ ಅಲ್ಲಿನ ಗೆಡ್ಡೆ ಅದನ್ನು ಒತ್ತಬಹುದು. ಇಷ್ಟು ಸುತ್ತು ಬಳಸಿ ಬರುವುದಾದರೂ ಏಕೆ? ಭ್ರೂಣದಲ್ಲಿ ಹೃದಯ ಮತ್ತು ಅದರ ರಕ್ತನಾಳಗಳು ಕುತ್ತಿಗೆಯ ಕಡೆಯಿಂದ ಎದೆಗೆ ಸರಿಯುವಾಗ ನರವನ್ನೂ ಕೆಳಗೆ ಎಳೆದುಕೊಂಡು ಹೋಗುತ್ತವೆ. ಇದು ತಿಳಿದ ಮೇಲೆ ಎಡ ಬಲ ಅದಲುಬದಲಾಗುವುದು ಕಷ್ಟ.

ಇದಕ್ಕೆ ತದ್ವಿರುದ್ಧ ಅಡ್ರಿನಲಿನ್ ಔಷಧದ ಪ್ರಮಾಣ. ತೀವ್ರ ಅಲರ್ಜಿಯಿಂದ ರಕ್ತದೊತ್ತಡ ಕುಸಿಯುತ್ತಿರುವ ವಯಸ್ಕರಿಗೆ ತೊಡೆಯ ಸ್ನಾಯುವಿಗೆ 0.5 ಮಿಲಿಗ್ರಾಂ, ಹೃದಯ ನಿಂತವರಿಗೆ ರಕ್ತನಾಳಕ್ಕೆ 1 ಮಿಲಿಗ್ರಾಂ. ಆ ಗಳಿಗೆಯಲ್ಲಿ ತರ್ಕಕ್ಕೆ ಪುರುಸೊತ್ತಿಲ್ಲ. ಔಷಧ ಹೇಗೆ ಕೆಲಸ ಮಾಡುತ್ತದೆ ಎಂದು ಚೆನ್ನಾಗಿ ಬಲ್ಲವರಿಗೂ ಅಂಕಿ ನಾಲಗೆಯ ತುದಿಯಲ್ಲಿರಬೇಕು.

ಹಳೆಯ ಪ್ರಶ್ನೆಪತ್ರಿಕೆಗಳನ್ನು ಅರೆದು ಕುಡಿದೇ ಪಾಸಾಗುವವರಿದ್ದಾರೆ, ಸುಳ್ಳು ಹೇಳುವುದಿಲ್ಲ. ಅವರು ತಿಣುಕುವುದು ವಾರ್ಡಿಗೆ ಬಂದ ಮೇಲೆ. 2019ರಲ್ಲಿ ಬಂದ ಪಠ್ಯಕ್ರಮ ಮೊದಲ ವರ್ಷದಲ್ಲೇ ರೋಗಿಗಳ ಪರಿಚಯವಾಗಲಿ ಎನ್ನುತ್ತದೆ. ಎಷ್ಟೋ ಮಂದಿ ಆ ತರಗತಿಗಳನ್ನು ಹಾಜರಿಗೆಂದು ಕಳೆಯುತ್ತಾರೆ. ನೀವು ಹಾಗೆ ಮಾಡಬೇಡಿ.

ಇವತ್ತೇ ಶುರು ಮಾಡುವುದಾದರೆ ಪುಸ್ತಕ ಮುಚ್ಚಿ ತೋಳಿನ ಹಿಂಬದಿಯಿಂದ ಕೈಗಿಳಿಯುವ ರೇಡಿಯಲ್ ನರದ ಚಿತ್ರ ಬರೆಯಿರಿ. ತೋಳಿನ ಮೂಳೆಯ ನಡುವೆ ಒಂದು ಗೆರೆ ಎಳೆದು, ಮೂಳೆ ಅಲ್ಲಿ ಮುರಿದು ನರಕ್ಕೆ ಪೆಟ್ಟಾದರೆ ಮಣಿಕಟ್ಟು ಜೋತುಬಿದ್ದರೂ ಮೊಣಕೈ ಚಾಚುವ ಶಕ್ತಿ ಸಾಮಾನ್ಯವಾಗಿ ಏಕೆ ಉಳಿಯುತ್ತದೆ ಎಂದು ಕೇಳಿಕೊಳ್ಳಿ. ಮೊಣಕೈ ಚಾಚುವ ಸ್ನಾಯುವಾದ ಟ್ರೈಸೆಪ್ಸ್‌ಗೆ ಹೋಗುವ ಕವಲುಗಳು ಎಲ್ಲಿ ಒಡೆಯುತ್ತವೆ ಎಂಬುದನ್ನು ಚಿತ್ರದಲ್ಲಿ ಸರಿಯಾಗಿ ತೋರಿಸಿದ್ದರೆ ಉತ್ತರ ಕಣ್ಣೆದುರೇ ಇರುತ್ತದೆ.