ಓದುಗರ ಪ್ರಶ್ನೆ: ನಕ್ಷೆಗೆ ಏರುವ ಮುನ್ನ ಗೇಲಿಕ್ ಹೆಸರುಗಳು

ಪ್ರಶ್ನೆ: ಸ್ಕಾಟ್ಲೆಂಡಿನ ಒಂದು ಹೈಲ್ಯಾಂಡ್ ಕಣಿವೆಯಲ್ಲಿ ಊರವರ ಜೊತೆ ಸೇರಿ ಅಲ್ಲಿನ ಹಳೆಯ ಭಾಷೆಯಾದ ಗೇಲಿಕ್‌ನ ಸ್ಥಳನಾಮಗಳನ್ನು ದಾಖಲಿಸುತ್ತಿದ್ದೇವೆ. ಯಾವ ಕ್ರಮ ಅನುಸರಿಸಬೇಕು?
– ಓದುಗರು, ಎಡಿನ್‌ಬರೋ

ಉತ್ತರ: ಅರ್ಥದಿಂದ ಶುರು ಮಾಡಬೇಡಿ, ಅದು ಕೊನೆಯ ಕೆಲಸ. ಮೊದಲು ಒಂದು ಮೈಲಿಯನ್ನು ಆರು ಇಂಚಿನಲ್ಲಿ ತೋರಿಸುವ, ಬ್ರಿಟನ್ನಿನ ಸರಕಾರಿ ನಕ್ಷೆ ಸಂಸ್ಥೆ ಆರ್ಡ್‌ನೆನ್ಸ್ ಸರ್ವೆಯ ಹಳೆಯ ನಕ್ಷೆಯನ್ನೂ ಅದರ ‘ನೇಮ್ ಬುಕ್’ ಅನ್ನೂ ತೆರೆಯಿರಿ. ಪ್ರತಿ ಹೆಸರಿನ ಎದುರು ಬೇರೆ ಬೇರೆ ಕಾಗುಣಿತ, ಅದನ್ನು ಹೇಳಿದವರು, ಜಾಗದ ವಿವರಣೆ ಇರುತ್ತವೆ. ಹೇಳಿದವರು ಯಾರು ಎಂಬುದನ್ನು ನೋಡಿಯೇ ಮುಂದಕ್ಕೆ ಹೋಗಿ. ಜಮೀನ್ದಾರ, ಅವನ ಪಾರುಪತ್ಯಗಾರ, ಪಾದ್ರಿ ಇವರ ಮಾತಿಗೇ ಆಗ ತೂಕ. ಗುಡ್ಡದ ಹೆಸರಿನ ಮಟ್ಟಿಗಾದರೆ ಕುರಿ ಕಾಯುವವನ ಬಾಯಿಯೇ ಮೇಲು.

ಆಮೇಲೆ ಗೇಲಿಕ್ ಆಡುವ ಹಿರಿಯರ ಉಚ್ಚಾರವನ್ನು ಧ್ವನಿಮುದ್ರಿಸಿ. ಹೆಸರನ್ನು ಒಂಟಿಯಾಗಿ ಹೇಳಿಸಿದರೆ ಸಾಲದು, ‘ಅಲ್ಲಿ ಇದ್ದೆ’ ಎಂಬಂಥ ವಾಕ್ಯದೊಳಗೂ ಹೇಳಿಸಿ. ಹೈಲ್ಯಾಂಡಿನ ಫೋರ್ಟ್ ವಿಲಿಯಂ ಪಟ್ಟಣಕ್ಕೆ ಗೇಲಿಕ್‌ನಲ್ಲಿ ‘ಅನ್ ಗೆರಸ್ತನ್’, ಅಂದರೆ ಕಾವಲುಪಡೆಯ ಠಾಣೆ. ‘ಅಲ್ಲಿ’ ಎಂದಾಗ, ಇಂಗ್ಲಿಷಿನ ‘ದ’ (the) ಇದ್ದಂತಿರುವ ಈ ‘ಅನ್’ನ ಪ್ರಭಾವದಿಂದಲೇ ಗ ಹೋಗಿ ‘ಯೆರಸ್ತನ್’ ಎಂದು ಕೇಳುತ್ತದೆ. ಹೆಸರಿನ ಮೊದಲ ‘ಅನ್’ ಅದರ ಅಂಗವೇ, ಬಿಡುವಂತಿಲ್ಲ ಎಂಬುದಕ್ಕೆ ಇದೇ ಸಾಕ್ಷಿ. ಜೊತೆಗೆ, ಹೆಸರು ಶಿಖರದ್ದೋ, ಇಳಿಜಾರಿನದ್ದೋ, ಅದರ ಕೆಳಗಿನ ಹುಲ್ಲುಗಾವಲಿನದ್ದೋ ಎಂದು ಸ್ಥಳದಲ್ಲೇ ಕೈತೋರಿಸಿ ಹೇಳಿಸಿ, ಜಿಪಿಎಸ್ ಗುರುತು ಹಾಕಿ. ನಕ್ಷೆಯಲ್ಲಿ ಅಕ್ಷರ ಎಲ್ಲಿ ಹಿಡಿಸಿತೋ ಅಲ್ಲಿ ಬರೆದಿರುತ್ತಾರೆ. ಅದನ್ನೇ ಜಾಗ ಎಂದು ನಂಬಬೇಡಿ.

ಪ್ರಶ್ನೆ: ಇಂಗ್ಲಿಷ್ ನಕ್ಷೆಯ ಕಾಗುಣಿತವನ್ನೇ ಸರಿಪಡಿಸಿದರೆ ಆಗದೇ?
– ಓದುಗರು, ಧಾರವಾಡ

ಉತ್ತರ: ಆಗದು. ನಕ್ಷೆಯ ‘ಬೆನ್ ಮೋರ್’ ಗೇಲಿಕ್ ಬಾಯಲ್ಲಿ ‘ಬೇನ್ ವೋರ್’, ದೊಡ್ಡ ಬೆಟ್ಟ. ಬೆಟ್ಟ ಎಂಬ ಪದ ಅಲ್ಲಿ ಸ್ತ್ರೀಲಿಂಗವಾದ್ದರಿಂದ ಮುಂದಿನ ಮ ಮೆತ್ತಗಾಗಿ ವ ಆಗುತ್ತದೆ. ಇಂಗ್ಲಿಷ್ ಬರಹ ಅದನ್ನು ನುಂಗಿಹಾಕಿದೆ. ಇನ್ನು ಸ್ವರದ ಮೇಲಿನ ಗೆರೆ. ‘ಬಾನ್’ಗೆ ಗೆರೆಯಿದ್ದರೆ ಬಿಳಿ, ತೆಗೆದರೆ ‘ಹೆಂಗಸರ’ ಎಂದಾಗುತ್ತದೆ. ಸ್ಕಾಟಿಷ್ ಗೇಲಿಕ್‌ನ ಇಂದಿನ ಬರಹದಲ್ಲಿ ಎಡಕ್ಕೆ ವಾಲುವ ಗೆರೆ ಮಾತ್ರ, ಐರಿಷ್‌ನಲ್ಲಿ ಬಲಕ್ಕೆ ವಾಲುವುದು, ಬೆರೆಸಬೇಡಿ. ಪಟ್ಟಿಯನ್ನು ಯುಟಿಎಫ್-8ರಲ್ಲಿ, ಅಂದರೆ ಎಲ್ಲ ಲಿಪಿಗಳನ್ನೂ ಹಿಡಿಯುವ ಕಂಪ್ಯೂಟರ್ ಅಕ್ಷರಸಂಕೇತದಲ್ಲಿ, ಉಳಿಸದಿದ್ದರೆ ಗೆರೆಯಿರುವ ಅಕ್ಷರಗಳು ಪ್ರಶ್ನಾರ್ಥಕ ಚಿಹ್ನೆಗಳಾಗಿಬಿಡಬಹುದು.

ಪ್ರಶ್ನೆ: ಐರ್ಲೆಂಡಿನಲ್ಲಿ ‘ಕಿಲ್’ ಎಂದು ಶುರುವಾಗುವ ಊರುಗಳಲ್ಲೆಲ್ಲ ಚರ್ಚ್ ಇತ್ತೇ?
– ಓದುಗರು, ಮೈಸೂರು

ಉತ್ತರ: ಇಲ್ಲ. ಚರ್ಚ್ ಎಂಬ ಪದವೂ ಕಾಡು ಎಂಬ ಪದವೂ ಇಂಗ್ಲಿಷ್ ನಕ್ಷೆಯಲ್ಲಿ ‘ಕಿಲ್’ ಆಗಿಬಿಟ್ಟಿವೆ. ಕಿಲ್ಡೇರ್ ಓಕ್ ಮರದ ಚರ್ಚ್ ಎಂಬುದು ಖಚಿತ. ಬೇರೆ ಕಡೆ ಹಾಗೆ ಸಲೀಸಲ್ಲ. ಹಳೆಯ ಸ್ಮಶಾನ ಕಂಡರೆ ಚರ್ಚ್ ಎನ್ನಲು ಆಸೆಯಾಗುತ್ತದೆ, ಆದರೂ ಮಧ್ಯಯುಗದ ಕಂದಾಯ ಪಟ್ಟಿಗಳ ರೂಪಗಳನ್ನು ಇಸವಿ ಸಮೇತ ಜೋಡಿಸಿ ನೋಡಲೇಬೇಕು. 1824ರಲ್ಲಿ ಶುರುವಾದ ಐರ್ಲೆಂಡಿನ ಆರ್ಡ್‌ನೆನ್ಸ್ ಸರ್ವೆಗೆ 1830ರಲ್ಲಿ ಸೇರಿದ ಐರಿಷ್ ವಿದ್ವಾಂಸ ಜಾನ್ ಓ'ಡೊನೊವನ್ ಮಾಡಿದ್ದೂ ಇದನ್ನೇ: ಹಳೆಯ ದಾಖಲೆಗಳನ್ನು ಹೋಲಿಸಿ, ಊರೂರು ಸುತ್ತಿ ಜನರ ಉಚ್ಚಾರ ಕೇಳಿ ಐರಿಷ್ ರೂಪ ಬರೆದ. ಅಚ್ಚಾದ ನಕ್ಷೆಗೆ ಮಾತ್ರ ಇಂಗ್ಲಿಷ್ ಕಾಗುಣಿತವೇ ಹೋಯಿತು. ನಿಮ್ಮ ಪಟ್ಟಿಯಲ್ಲಿ ‘ಖಚಿತ’, ‘ಸಾಧ್ಯ’, ‘ತಿಳಿಯದು’ ಎಂಬ ಅಂಕಣವೊಂದಿರಲಿ. ಮೂರನೆಯದನ್ನು ತುಂಬಲು ನಾಚಬೇಕಿಲ್ಲ.