ಸಾಂಬ್ರಾದಲ್ಲಿ 200 ಗಂಟೆ ಹಾರಿದರೆ ಪೈಲಟ್ ಲೈಸೆನ್ಸ್ ಸಿಕ್ಕೇ ಬಿಡುತ್ತಾ?

ಪ್ರಶ್ನೆ: ಮಗಳು ಈ ವರ್ಷ ಪಿಯುಸಿ ಸೈನ್ಸ್ ಮುಗಿಸಿದ್ದಾಳೆ. ಪೈಲಟ್ ಆಗಲೇಬೇಕು ಅಂತ ಹಟ. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಲ್ಲೇ ತರಬೇತಿ ಇದೆ, 200 ಗಂಟೆ ಹಾರಿಸಿದರೆ ಕಮರ್ಷಿಯಲ್ ಲೈಸೆನ್ಸ್ ಬರುತ್ತೆ ಅಂತ ಪರಿಚಯದವರು ಹೇಳುತ್ತಾರೆ. ಹೊಲದ ಮೇಲೆ ಸಾಲ ತೆಗೆದು ಫೀ ಕಟ್ಟಬೇಕೆಂದಿದ್ದೇವೆ. ಇಷ್ಟೇ ಸಾಕಾ?
— ಒಬ್ಬ ತಂದೆ, ಜಮಖಂಡಿ

ಉತ್ತರ: ಸಾಲದ ಕಾಗದಕ್ಕೆ ಸಹಿ ಹಾಕುವ ಮೊದಲು ಮಗಳ ಮೆಡಿಕಲ್ ಮಾಡಿಸಿ. ಡಿಜಿಸಿಎ (ಲೈಸೆನ್ಸ್ ಕೊಡುವ ಕೇಂದ್ರ ಸರ್ಕಾರದ ವಿಮಾನಯಾನ ಸಂಸ್ಥೆ) ಒಪ್ಪಿದ ವೈದ್ಯರ ಹತ್ತಿರ ಮೊದಲು ಕ್ಲಾಸ್ 2 ತಪಾಸಣೆ, ಆಮೇಲೆ ಕಮರ್ಷಿಯಲ್ ಲೈಸೆನ್ಸಿಗೆ ಬೇಕಾದ, ಇನ್ನೂ ಕಟ್ಟುನಿಟ್ಟಿನ ಕ್ಲಾಸ್ 1. ಕನ್ನಡಕ ಇದೆ ಅಂತ ಗಾಬರಿ ಬೇಡ. ಬಣ್ಣ ಗುರುತಿಸುವ ತೊಂದರೆಯಂಥದ್ದು ಇದ್ದರೆ ಕಷ್ಟ. ಅದು ಫೀ ಕಟ್ಟಿದ ಮೇಲೆ ಗೊತ್ತಾಗುವುದಕ್ಕಿಂತ ಈಗಲೇ ಗೊತ್ತಾಗಲಿ, ಅಲ್ವಾ? ಪಿಯುಸಿಯಲ್ಲಿ ಫಿಸಿಕ್ಸ್, ಮ್ಯಾಥ್ಸ್ ಇರಬೇಕು. ಲೈಸೆನ್ಸ್ ಪಡೆಯಲು 18 ವರ್ಷ ತುಂಬಿರಬೇಕು.

ಇನ್ನು 200 ಗಂಟೆಯ ಮಾತು. ಅದು ಮಾರ್ಕ್ಸ್ ಕಾರ್ಡಿನ ಟೋಟಲ್ ಇದ್ದಂತೆ. ಟೋಟಲ್ ಎಷ್ಟೇ ಇರಲಿ, ಒಂದು ವಿಷಯದಲ್ಲಿ ಕಡಿಮೆ ಬಿದ್ದರೂ ಪಾಸಿಲ್ಲ. ಆ 200ರಲ್ಲಿ ಕನಿಷ್ಠ 100 ಗಂಟೆ ಅವಳೇ ಪೈಲಟ್ ಇನ್ ಕಮಾಂಡ್, ಅಂದರೆ ವಿಮಾನದ ಪೂರ್ತಿ ಹೊಣೆ ಹೊತ್ತವಳು, ಆಗಿರಬೇಕು. ಪಕ್ಕದಲ್ಲಿ ಕೂತು ಇನ್‌ಸ್ಟ್ರಕ್ಟರ್ ಕಲಿಸಿದ ಗಂಟೆಗಳು ಈ 100ಕ್ಕೆ ಸೇರುವುದಿಲ್ಲ. ಈ 100ರೊಳಗೇ 20 ಗಂಟೆ ಊರಿಂದೂರಿಗೆ ಹಾರುವ ಕ್ರಾಸ್‌ಕಂಟ್ರಿ. ಅದರಲ್ಲಿ ಒಂದು ಹಾರಾಟ 300 ನಾಟಿಕಲ್ ಮೈಲಿಗೆ, ಅಂದರೆ ಸುಮಾರು 555 ಕಿಲೋಮೀಟರಿಗೆ ಕಡಿಮೆ ಇರಬಾರದು. ನಡುವೆ ಎರಡು ಬೇರೆ ಬೇರೆ ನಿಲ್ದಾಣಗಳಲ್ಲಿ ಇಳಿದು ಪೂರ್ತಿ ನಿಲ್ಲಿಸಬೇಕು. ನಕ್ಷೆ ಇಟ್ಟುಕೊಂಡು ಗೆರೆ ಎಳೆದು ನೋಡ್ರಿ: ಸಾಂಬ್ರಾದಿಂದ ಕಲಬುರಗಿ, ಅಲ್ಲಿಂದ ಹುಬ್ಬಳ್ಳಿ, ಮತ್ತೆ ಸಾಂಬ್ರಾ. ಸುಮಾರು 360 ನಾಟಿಕಲ್ ಮೈಲಿ ಆಗುತ್ತೆ. ಇದರ ಜೊತೆಗೆ 10 ಗಂಟೆ ಇನ್‌ಸ್ಟ್ರುಮೆಂಟ್ ಹಾರಾಟ, ಅಂದರೆ ಹೊರಗೆ ನೋಡದೆ ಮೀಟರುಗಳನ್ನೇ ನಂಬಿ ಹಾರುವುದು, ಬೇಕು. ಸಿಮ್ಯುಲೇಟರಿನಲ್ಲಿ ಮಾಡಿದ್ದರಲ್ಲಿ 5 ಗಂಟೆ ಮಾತ್ರ ಲೆಕ್ಕಕ್ಕೆ.

ಜಾಸ್ತಿ ಜನ ಸಿಕ್ಕಿಹಾಕಿಕೊಳ್ಳುವುದು ಗಡುವಿನಲ್ಲಿ. 200 ಗಂಟೆಯೂ ಅರ್ಜಿಗೆ ಹಿಂದಿನ 5 ವರ್ಷದೊಳಗೆ ಆಗಿರಬೇಕು. ಕಮಾಂಡ್ ಗಂಟೆಗಳಲ್ಲಿ 15 ಗಂಟೆ ಕೊನೆಯ 6 ತಿಂಗಳಲ್ಲಿ ಬರಬೇಕು. ರಾತ್ರಿ ಹಾರಾಟ 5 ಗಂಟೆ, ಅದರಲ್ಲಿ 10 ಟೇಕಾಫ್, 10 ಲ್ಯಾಂಡಿಂಗ್. ಇವಕ್ಕೂ ಅದೇ 6 ತಿಂಗಳು. ಈಗ ಬೆಳಗಾವಿಯ ಮಳೆಗಾಲ ನೆನೆಸಿಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಕೆಳಗಿಳಿದರೆ ಸಣ್ಣ ವಿಮಾನ ಶೆಡ್ಡಿನಲ್ಲೇ. ಅಷ್ಟರಲ್ಲಿ ಗಡುವು ಮೀರಿದರೆ ಹಾರಿದ್ದನ್ನೇ ಮತ್ತೆ ದುಡ್ಡು ಕೊಟ್ಟು ಹಾರಬೇಕು.

ಅದಕ್ಕೇ ನನ್ನ ಸಲಹೆ: ಲಿಖಿತ ಪರೀಕ್ಷೆಗಳನ್ನು ಮೊದಲೇ ಮುಗಿಸಿಕೊಳ್ಳಲಿ. ನ್ಯಾವಿಗೇಶನ್, ಹವಾಮಾನ, ವಾಯುಯಾನ ನಿಯಮ, ಟೆಕ್ನಿಕಲ್, ಎಲ್ಲದಕ್ಕೂ ಶೇ 70 ಅಂಕ ಬೇಕು. ರೇಡಿಯೊ ಪರವಾನಗಿ ಬೇರೆ. ಹಾರಾಟ ಮುಗಿಸಿ ಪುಸ್ತಕ ಹಿಡಿದವರ ಗಡುವು ಸುಮ್ನೆ ಓಡುತ್ತಿರುತ್ತೆ.

ಲೈಸೆನ್ಸ್ ಬಂದ ಕೂಡಲೇ ದೊಡ್ಡ ಕಂಪನಿಯ ವಿಮಾನ ಓಡಿಸಲು ಆಗುವುದಿಲ್ಲ. ಇನ್‌ಸ್ಟ್ರುಮೆಂಟ್ ರೇಟಿಂಗ್, ಮಲ್ಟಿ ಎಂಜಿನ್ ರೇಟಿಂಗ್, ಜೊತೆಗೆ ಟೈಪ್ ರೇಟಿಂಗ್, ಅಂದರೆ ಆ ಮಾದರಿಯ ವಿಮಾನವನ್ನೇ ಓಡಿಸುವ ಅರ್ಹತೆ, ಬೇಕು. ಟೈಪ್ ರೇಟಿಂಗಿನ ಖರ್ಚೇ ಲಕ್ಷಗಟ್ಟಲೆ. ಸಾಲದ ಲೆಕ್ಕದಲ್ಲಿ ಅದನ್ನೂ ಸೇರಿಸಿ.

ಶಾಲೆಗೆ ಹೋದಾಗ ಕಟ್ಟಡ ನೋಡಬೇಡಿ. ಇವತ್ತು ಎಷ್ಟು ವಿಮಾನ ಹಾರುವ ಸ್ಥಿತಿಯಲ್ಲಿವೆ, ಎಷ್ಟು ವಿದ್ಯಾರ್ಥಿಗಳಿದ್ದಾರೆ, ಕಳೆದ ಮಳೆಗಾಲದಲ್ಲಿ ಒಬ್ಬೊಬ್ಬರಿಗೆ ತಿಂಗಳಿಗೆ ಎಷ್ಟು ಗಂಟೆ ಸಿಕ್ಕಿತು ಅಂತ ಕೇಳಿ. ಅಲ್ಲೇ ಕಲಿಯುತ್ತಿರುವ ಹುಡುಗರನ್ನೂ ಹೊರಗೆ ಚಹಾ ಅಂಗಡಿಯಲ್ಲಿ ಇದೇ ಪ್ರಶ್ನೆ ಕೇಳಿ. ಎರಡೂ ಉತ್ತರ ಹೊಂದಿದರೆ ಕಂತಿನಲ್ಲಿ ಕಟ್ಟಿ. ಪೂರ್ತಿ ದುಡ್ಡು ಮೊದಲೇ ಕೊಡಬೇಡಿ.